ಕಣ್ಣಿಂದ ಬಾಯಿಗೆ 66, ಮೂಗಿಂದ ಗದ್ದಕ್ಕೆ 61: ರಿಮ್ ಎತ್ತರಿಸ್ಬೇಕಾ?

ಇಂಟರ್ನ್_ಹುಡುಗಿ:
ಸೀನಿಯರ್ಸ್ ಯಾರಾದ್ರೂ ಹೇಳಿ ಪ್ಲೀಸ್. ಕಂಪ್ಲೀಟ್ ಡೆಂಚರ್ (ಪೂರ್ತಿ ಹಲ್ಲಿನ ಸೆಟ್) ಕೇಸು, 72 ವರ್ಷದ ಅಜ್ಜಿ, ಇವತ್ತು ಜಾ ರಿಲೇಶನ್ (ಎರಡೂ ದವಡೆ ಹೇಗೆ ಕೂರ್ಬೇಕು ಅನ್ನೋ ಅಳತೆ) ತಗೋತಿದ್ದೆ. ವಿಲ್ಲಿಸ್ ಗೇಜಲ್ಲಿ (ಮುಖದ ಎತ್ತರ ಅಳೆಯೋ ಸ್ಕೇಲು) ಕಣ್ಣಿನ ಪಾಪೆಯಿಂದ ತುಟಿ ಸಂದಿಗೆ 66 ಮಿಮೀ ಬಂತು, ವ್ಯಾಕ್ಸ್ ರಿಮ್ (ಹಲ್ಲಿನ ಜಾಗದಲ್ಲಿಡೋ ಮೇಣದ ಪಟ್ಟಿ) ಎರಡೂ ಕಚ್ಚಿಸಿ ಮೂಗಿನ ಬುಡದಿಂದ ಗದ್ದದ ಕೆಳಗಿನವರೆಗೆ ಅಳೆದ್ರೆ 61. ಎರಡೂ ಸಮ ಇರ್ಬೇಕು ಅಂತ ಓದಿದೀವಿ, ಹಾಗಾದ್ರೆ 5 ಮಿಮೀ ಎತ್ತರಿಸ್ಲಾ? ರೆಸ್ಟ್ ಪೊಸಿಷನ್ನಲ್ಲಿ (ದವಡೆ ಸಡಿಲ ಬಿಟ್ಟಾಗ) ಅದೇ ಜಾಗದಲ್ಲಿ 64 ಇತ್ತು. ಅಜ್ಜಿ ದೂರದಿಂದ ಬಸ್ಸಲ್ಲಿ ಬರ್ತಾರೆ, ಸುಮ್ನೆ ಓಡಾಡ್ಸೋಕೆ ಮನಸ್ಸಿಲ್ಲ.

ಪ್ರಾಸ್ಥೋ_ಮೈಸೂರು:
ಬೇಡಮ್ಮ, ಎತ್ತರಿಸ್ಬೇಡ. ರೆಸ್ಟ್ 64, ಕಚ್ಚಿದಾಗ 61, ಅಂದ್ರೆ ಫ್ರೀವೇ ಸ್ಪೇಸ್ (ದವಡೆ ಸಡಿಲ ಇದ್ದಾಗ ಮೇಲಿನ ಕೆಳಗಿನ ಹಲ್ಲಿನ ಮಧ್ಯೆ ಉಳಿಯೋ ಜಾಗ) 3 ಮಿಮೀ, ಬೇಕಾಗಿರೋದೇ 2ರಿಂದ 4. ನೀನು 66ಕ್ಕೆ ಒಯ್ದ್ರೆ ರೆಸ್ಟ್‌ಗಿಂತ್ಲೂ 2 ಜಾಸ್ತಿ ಆಯ್ತು, ಅಜ್ಜಿ ಸುಮ್ನೆ ಕೂತಿದ್ರೂ ಹಲ್ಲು ತಾಗ್ತಾನೇ ಇರುತ್ತೆ, ಮಾತಾಡಿದ್ರೆ ಟಕಟಕ ಸದ್ದು, ವಸಡು ಹುಣ್ಣು, ಸಂಜೆ ಹೊತ್ತಿಗೆ ದವಡೆ ಸೋತುಹೋಗುತ್ತೆ, ಆಮೇಲೆ ಸೆಟ್ ಡಬ್ಬಿ ಸೇರುತ್ತೆ. ಮುಖದ ಅಳತೆ ಶುರು ಮಾಡೋಕೆ ಒಂದು ಅಂದಾಜು ಅಷ್ಟೇ, ಎಲ್ರ ಮುಖಾನೂ ಆ ಲೆಕ್ಕಕ್ಕೆ ಕೂರಲ್ಲ. ಗದ್ದದ ಕೆಳಗೆ ಚರ್ಮ ಜೋತಿದ್ರೆ ಗೇಜ್ ಎಷ್ಟು ಒತ್ತಿದ್ವಿ ಅನ್ನೋದ್ರ ಮೇಲೇ ನಂಬರ್ ಬದಲಾಗುತ್ತೆ. ಟ್ರೈ ಇನ್ ದಿನ (ಮೇಣದಲ್ಲಿ ಹಲ್ಲು ಕೂರ್ಸಿ ಬಾಯಿಗೆ ಹಾಕಿ ನೋಡೋ ದಿನ) "ಸಾಸಿವೆ, ಸೊಸೆ, ಸಂತೆ" ಅಂತ ಹೇಳ್ಸು, ಸಕಾರ ಬಂದಾಗ ಮೇಲಿನ ಕೆಳಗಿನ ಹಲ್ಲು ಹತ್ರ ಬರ್ಬೇಕು, ಆದ್ರೆ ತಾಗಬಾರ್ದು.

ಕ್ಲಿನಿಕ್_ಹಾಸನ:
ಮೇಡಂ ಹೇಳಿದ್ದು ಸರಿ, ಆದ್ರೆ ಆ 64 ಅನ್ನೂ ಒಂದೇ ಸಲಕ್ಕೆ ನಂಬ್ಬೇಡಿ. ತಲೆ ಹೆಡ್‌ರೆಸ್ಟ್‌ಗೆ ಒರಗಿಸ್ದೆ ನೆಟ್ಟಗೆ ಕೂರ್ಸಿ, ತುಟಿ ಒದ್ದೆ ಮಾಡ್ಕೊಂಡು ಉಗುಳು ನುಂಗೋಕೆ ಹೇಳಿ, "ಅಮ್ಮ" ಅನ್ಸಿ, ಭುಜ ಸಡಿಲ ಬಿಟ್ಮೇಲೆ ಅಳೀರಿ, ಹೀಗೆ ಮೂರ್ನಾಲ್ಕು ಸಲ. ಹಳೇ ಸೆಟ್ ಇದ್ಯಾ ಕೇಳಿ. ಹಲ್ಲಿದ್ದಾಗಿನ ಫೋಟೋ, ಮಗನ ಮದ್ವೆದೋ ಏನೋ, ಸಿಕ್ರೆ ಇನ್ನೂ ಒಳ್ಳೇದು.

ಇಂಟರ್ನ್_ಹುಡುಗಿ:
ಥ್ಯಾಂಕ್ಸ್ ಮೇಡಂ, ಸರ್. ಹಳೇ ಸೆಟ್ ಇದೆ, ಹಲ್ಲು ಪೂರ್ತಿ ಸವೆದಿದೆ. ಅಜ್ಜಿ ತುಟಿ ಮೂಲೆ ಎರಡೂ ಕಡೆ ಒಡೆದು ಕೆಂಪಗಿದೆ.

ಪ್ರಾಸ್ಥೋ_ಮೈಸೂರು:
ಹಂಗಿದ್ರೆ ಹಳೇದ್ರಲ್ಲಿ ಎತ್ತರ ತುಂಬಾ ಇಳಿದಿರ್ಬಹುದು. ಅದನ್ನ ಹಾಕ್ಸಿ ಅದೇ ಜಾಗದಲ್ಲಿ ಅಳೆದು ಬರ್ಕೋ. 61ಕ್ಕೂ ಅದಕ್ಕೂ ವ್ಯತ್ಯಾಸ ಜಾಸ್ತಿ ಬಂದ್ರೆ ಹಳೇ ಸೆಟ್ಟಿಗೇ ಸೆಲ್ಫ್ ಕ್ಯೂರ್ (ತಾನೇ ಗಟ್ಟಿಯಾಗೋ ಅಕ್ರಿಲಿಕ್) ಹಾಕಿ ಸ್ವಲ್ಪಸ್ವಲ್ಪ ಎತ್ತರಿಸಿ ಕೆಲವು ವಾರ ಅಭ್ಯಾಸ ಮಾಡ್ಸಿ, ಆಮೇಲೆ ಹೊಸದು ಮಾಡೋಣ. ತುಟಿ ಮೂಲೆ ಫಂಗಸ್ಸಾ ಅಂತ ಮೆಡಿಸಿನ್‌ನವ್ರಿಗೂ ತೋರ್ಸು, ಬರೀ ಎತ್ತರ ಸರಿ ಮಾಡಿದ್ರೆ ಅದು ವಾಸಿ ಆಗದೇ ಇರ್ಬಹುದು.