ಹೊಸ ಕ್ರೆಸ್ಟೆಡ್ ಗೆಕ್ಕೊ ಹನ್ನೊಂದು ದಿನದಿಂದ ಏನೂ ತಿಂದಿಲ್ಲ, ಏನು ಮಾಡಲಿ? (ಕಾರವಾರ)

ಪ್ರಶ್ನೆ, ಕಾರವಾರದಿಂದ:

ನಮಸ್ಕಾರ. ಏಪ್ರಿಲ್ ಎರಡನೇ ವಾರ ಬೆಂಗಳೂರಿನಿಂದ ಕ್ರೆಸ್ಟೆಡ್ ಗೆಕ್ಕೊ ಎಂಬ ಸಾಕುವ ಹಲ್ಲಿಯ ಒಂದು ಮರಿ ತಂದೆ. ತಂದ ದಿನ ಅಡುಗೆಮನೆಯ ಡಿಜಿಟಲ್ ತಕ್ಕಡಿಯಲ್ಲಿ 14 ಗ್ರಾಂ ತೂಗಿತು. ರಾತ್ರಿ ಬಸ್ಸಿನಲ್ಲಿ ಡಬ್ಬಿಯನ್ನು ತೊಡೆಯ ಮೇಲೇ ಇಟ್ಟುಕೊಂಡು ಬಂದಿದ್ದೆ. ಇವತ್ತಿಗೆ ಹನ್ನೊಂದು ದಿನ, ಒಂದು ತೊಟ್ಟೂ ತಿಂದಂತಿಲ್ಲ. ಹಣ್ಣಿನ ಪುಡಿಯನ್ನು ಕಲಸಿ ತಟ್ಟೆಯಲ್ಲಿ ಇಡುತ್ತೇನೆ, ಬೆಳಿಗ್ಗೆ ಇಟ್ಟ ಹಾಗೇ ಇರುತ್ತದೆ. ಬಾಳೆಹಣ್ಣು ಕಿವುಚಿ ಕೊಟ್ಟೆ, ಮುಟ್ಟಲಿಲ್ಲ. ದಿನಾ ಸಂಜೆ ಕೈಗೆ ಎತ್ತಿಕೊಂಡು ಬೆರಳಿಂದ ಬಾಯಿಗೆ ಹಚ್ಚಿ ನೋಡುತ್ತೇನೆ, ಹಾರಿ ಓಡುತ್ತದೆ.

ಗಾಜಿನ ಟ್ಯಾಂಕ್ ಎರಡನೇ ಮಹಡಿಯ ನನ್ನ ಕೋಣೆಯಲ್ಲಿ, ಪಡುವಣ ಕಿಟಕಿಯ ಹತ್ತಿರ ಇದೆ. ಬಿಸಿಗೆ 25 ವ್ಯಾಟಿನ ಬಲ್ಬ್ ಹಾಕಿದ್ದೇನೆ, ಮಾರಿದವರು ಹಾಗೆ ಹೇಳಿದ್ದರು. ದಿನಕ್ಕೆ ಮೂರು ಸಲ ನೀರು ಸ್ಪ್ರೇ. ಸತ್ತು ಹೋದರೆ ಎಂಬ ಹೆದರಿಕೆಗೆ ರಾತ್ರಿ ಎರಡೆರಡು ಸಲ ಎದ್ದು ಟಾರ್ಚ್ ಹಾಕಿ ನೋಡುತ್ತಿದ್ದೇನೆ. ದಯವಿಟ್ಟು ಯಾರಾದರೂ ದಾರಿ ತೋರಿಸಿ.

ಉತ್ತರ, ಶಿರಸಿಯಿಂದ:

ಮೊದಲು ಆ ಬಲ್ಬ್ ತೆಗೆಯಿರಿ. ಉಳಿದದ್ದನ್ನು ಆಮೇಲೆ ಓದಿ.

ಬಲ್ಬಿನ ಸಲಹೆ ಲೆಪರ್ಡ್ ಗೆಕ್ಕೊಗೆ ಸರಿ, ಅದು ಒಣ ಕಲ್ಲುನೆಲದ ಪ್ರಾಣಿ. ನಿಮ್ಮದು ಪೆಸಿಫಿಕ್ ಸಾಗರದ ನ್ಯೂ ಕ್ಯಾಲೆಡೋನಿಯಾದ ಕಾಡಿನದು. ಅಳಿದೇ ಹೋಯಿತು ಎಂದುಕೊಂಡಿದ್ದ ಇದು 1994ರಲ್ಲಿ ಮತ್ತೆ ಸಿಕ್ಕಿತು. ಇದಕ್ಕೆ 22ರಿಂದ 26 ಡಿಗ್ರಿ ಹಿತ. 28 ದಾಟಿ ದಿನಗಟ್ಟಲೆ ನಿಂತರೆ ಮೊದಲು ಊಟ ಬಿಡುತ್ತದೆ, ಇನ್ನೂ ಏರಿದರೆ ಜೀವಕ್ಕೇ ಬರುತ್ತದೆ. ಕಾರವಾರದ ಏಪ್ರಿಲ್ ಸೆಕೆ, ಮೇಲೆ ಕಾದ ಸ್ಲ್ಯಾಬು, ಸಂಜೆ ಬಿಸಿಲು ಬೀಳುವ ಗಾಜು, ಒಳಗೆ ಬಲ್ಬು. ಪಾಪ, ಅದಕ್ಕೆ ಹಸಿವೆ ಆಗುವುದಾದರೂ ಹೇಗೆ? ಟ್ಯಾಂಕಿನೊಳಗೆ ಥರ್ಮಾಮೀಟರ್ ಇಟ್ಟು ಮಧ್ಯಾಹ್ನ ಮೂರಕ್ಕೆ, ರಾತ್ರಿ ಹನ್ನೊಂದಕ್ಕೆ ಎಷ್ಟಿದೆ ಬರೆಯಿರಿ.

ಎರಡನೆಯದು, ಎತ್ತಿಕೊಳ್ಳುವುದನ್ನು ಪೂರ್ತಿ ನಿಲ್ಲಿಸಿ. ಕನಿಷ್ಠ ಎರಡು ವಾರ. ಟಾರ್ಚೂ ಬೇಡ. ಹೊಸ ಜಾಗಕ್ಕೆ ಬಂದ ಗೆಕ್ಕೊ ಹತ್ತು ಹದಿನೈದು ದಿನ ಊಟ ಬಿಡುವುದು ಸಾಮಾನ್ಯ. ಆ ಹೊತ್ತಿನಲ್ಲಿ ದಿನಾ ಹಿಡಿದರೆ ಅದರ ಲೆಕ್ಕದಲ್ಲಿ ನೀವು ಬೇಟೆಗೆ ಬಂದವರು. ಹೆದರಿ ಬಾಲ ಕಳಚಿದರೆ ಈ ಜಾತಿಗೆ ಮತ್ತೆ ಬಾಲ ಬರುವುದಿಲ್ಲ, ನಮ್ಮ ಗೋಡೆ ಹಲ್ಲಿಯ ಹಾಗಲ್ಲ. ಟ್ಯಾಂಕಿನ ಮೂರು ಬದಿಗೆ ಪೇಪರ್ ಅಂಟಿಸಿ, ಒಳಗೆ ಎಲೆ ಕೊಂಬೆ ಒತ್ತಾಗಿ ತುಂಬಿ. ಅಡಗಲು ಜಾಗ ಇದ್ದರೆ ಮಾತ್ರ ಧೈರ್ಯವಾಗಿ ಹೊರಗೆ ಬರುತ್ತದೆ.

ಊಟದ ತಟ್ಟೆ ನೆಲದ ಮೇಲೆ ಇಟ್ಟಿದ್ದೀರಾ? ಇದು ಮರದ ಪ್ರಾಣಿ. ಬಾಟಲಿ ಮುಚ್ಚಳದಷ್ಟು ಚಿಕ್ಕ ತಟ್ಟೆಯನ್ನು ಮೇಲೆ, ಕೊಂಬೆಯ ಪಕ್ಕ ಕೂರಿಸಿ. ಪುಡಿ ಒಂದು ಪಾಲು, ನೀರು ಎರಡು ಪಾಲು. ಕತ್ತಲಾದ ಮೇಲೆ ಇಟ್ಟು ಬೆಳಿಗ್ಗೆ ತೆಗೆದುಬಿಡಿ, ನಿಮ್ಮ ಸೆಕೆಗೆ ಹುಳಿ ಬರುತ್ತದೆ. ಬರಿ ಬಾಳೆಹಣ್ಣು ಬೇಡವೇ ಬೇಡ. ಅದರಲ್ಲಿ ಕ್ಯಾಲ್ಸಿಯಂಗಿಂತ ರಂಜಕವೇ ಹೆಚ್ಚು, ಅದೇ ಊಟವಾದರೆ ಮೂಳೆ ಮೆತ್ತಗಾಗುತ್ತದೆ. ಆಸೆ ಹುಟ್ಟಿಸಬೇಕೆಂದರೆ ಪುಡಿಯ ಜೊತೆ ಮಾವಿನ ರಸ ಎರಡು ಹನಿ ಹಾಕಿ, ಕರಿ ಈಶಾಡ್ ಸಿಗುವ ಕಾಲ ಬಂತಲ್ಲ.

ಮತ್ತೆ ಕಾರವಾರದಿಂದ:

ಅಕ್ಕಾ, ಅಳೆದೆ. ಬಲ್ಬ್ ತೆಗೆದ ಮೇಲೂ ಮಧ್ಯಾಹ್ನ 31.5, ರಾತ್ರಿ 30. ಓದಿ ಅಳು ಬಂತು, ಹನ್ನೊಂದು ದಿನ ಅದನ್ನು ಬೇಯಿಸಿದ್ದೇನೆ. ಈಗ ತೂಕ 13.1 ಗ್ರಾಂ. ನಮ್ಮಲ್ಲಿ ಎಸಿ ಇಲ್ಲ. ಟ್ಯಾಂಕಿನ ಮೇಲೆ ಒದ್ದೆ ಬಟ್ಟೆ ಹೊದೆಸಿ ಫ್ಯಾನ್ ಹಾಕಲೇ?

ಉತ್ತರ, ಕುಮಟೆಯಿಂದ:

ಒದ್ದೆ ಬಟ್ಟೆ ಒಳನಾಡಿಗೆ ಸರಿ. ನಮ್ಮ ಕರಾವಳಿಯ ಗಾಳಿಯಲ್ಲಿ ಮೊದಲೇ ತೇವ, ಬಟ್ಟೆ ಆರುವುದೇ ಇಲ್ಲ, ಆರದಿದ್ದರೆ ತಂಪೂ ಇಲ್ಲ. ನಾನು ಎರಡು ಬೇಸಿಗೆ ಕಳೆದದ್ದು ಹೀಗೆ: ಅರ್ಧ ಲೀಟರಿನ ಎರಡು ಬಾಟಲಿಗಳಲ್ಲಿ ನೀರು ಫ್ರೀಜರಿಗೆ. ಒಂದನ್ನು ಹಳೇ ಲುಂಗಿ ತುಂಡಿನಲ್ಲಿ ಸುತ್ತಿ ಟ್ಯಾಂಕಿನ ಜಾಲರಿ ಮುಚ್ಚಳದ ಮೇಲೆ ಅಡ್ಡ ಇಡುವುದು. ತಂಪು ಗಾಳಿ ಕೆಳಗೆ ಇಳಿಯುತ್ತದೆ. ಕರಗಿದ ಮೇಲೆ ಇನ್ನೊಂದು. ಜಾಲರಿ ಪೂರ್ತಿ ಮುಚ್ಚಬೇಡಿ. ಅದಕ್ಕೂ ಮೊದಲು ಟ್ಯಾಂಕನ್ನು ನೆಲಮಾಳಿಗೆಗೋ ಕೆಳಗಿನ ನಡುಕೋಣೆಗೋ ಇಳಿಸಿ, ನೆಲದ ಮೇಲೇ ಇಡಿ. ಇದಕ್ಕಿಂತ ದೊಡ್ಡ ಉಪಾಯ ಯಾವುದೂ ಇಲ್ಲ.

ಸ್ಪ್ರೇ ಸಂಜೆ ಒಂದೇ ಸಲ ಸಾಕು. ಎಲೆಯ ಮೇಲಿನ ಹನಿ ನೆಕ್ಕಿಯೇ ನೀರು ಕುಡಿಯುವುದು. ಹಗಲು ಒಳಗೆಲ್ಲ ಆರಲಿ, ಇಲ್ಲವಾದರೆ ಬೂಸಲು ಹಿಡಿಯುತ್ತದೆ.

ಉತ್ತರ, ಶಿರಸಿಯಿಂದ:

ಅಳಬೇಡಿ, 0.9 ಗ್ರಾಂ ಇಳಿದದ್ದು ಚೇತರಿಸಿಕೊಳ್ಳುವ ಮಟ್ಟದ್ದೇ. ವಾರಕ್ಕೆ ಒಂದೇ ಸಲ ತೂಗಿ. ಕೈಯಲ್ಲಿ ಹಿಡಿಯದೆ, ಕೊಂಬೆಯಿಂದ ಡಬ್ಬಿಗೆ ತಾನೇ ಇಳಿಯಲಿ. 12.5ರ ಕೆಳಗೆ ಹೋದರೆ, ಕಣ್ಣು ಒಳಗೆ ಕುಸಿದರೆ, ಬೆರಳ ತುದಿಯಲ್ಲಿ ಪೊರೆ ಸಿಕ್ಕಿಕೊಂಡರೆ, ಹಿಕ್ಕೆ ನೀರಾಗಿ ನಾತ ಬಂದರೆ ಕಾಯಬೇಡಿ. ಸರೀಸೃಪ ನೋಡಿ ಅಭ್ಯಾಸ ಇರುವ ಪಶುವೈದ್ಯರು ಎಲ್ಲ ಊರಿನಲ್ಲೂ ಇರುವುದಿಲ್ಲ, ಈಗಲೇ ಫೋನ್ ಮಾಡಿ ವಿಚಾರಿಸಿಟ್ಟುಕೊಳ್ಳಿ.

ಇನ್ನೊಂದು: ತಟ್ಟೆ ಖಾಲಿಯಾಗುವುದನ್ನು ಕಾಯಬೇಡಿ. ಇಷ್ಟು ಸಣ್ಣ ಮರಿ ತಿನ್ನುವುದೇ ಚೂರು. ಕಲಸಿದ್ದರ ಮೇಲ್ಮೈಯನ್ನು ಚಮಚದ ಬೆನ್ನಿನಿಂದ ನುಣ್ಣಗೆ ಸವರಿ ಇಡಿ, ಬೆಳಿಗ್ಗೆ ಬೆಳಕಿಗೆ ಓರೆ ಹಿಡಿದು ನೋಡಿ. ನೆಕ್ಕಿದ್ದರೆ ಗುರುತು ಕಾಣುತ್ತದೆ.

ಕಾರವಾರದಿಂದ, ಒಂಬತ್ತು ದಿನದ ನಂತರ:

ಟ್ಯಾಂಕು ಈಗ ಕೆಳಗೆ ಅಜ್ಜಿಯ ಹೆಂಚಿನ ಮನೆಯ ನಡುಕೋಣೆಯಲ್ಲಿದೆ. ಬಾಟಲಿ ಇಟ್ಟು ಹಗಲು 27, ರಾತ್ರಿ 25.5. ಮೊದಲ ನಾಲ್ಕು ದಿನ ಏನೂ ಇಲ್ಲ. ಐದನೇ ಬೆಳಿಗ್ಗೆ ತಟ್ಟೆ ಓರೆ ಹಿಡಿದಾಗ ಅಂಚಿನ ಹತ್ತಿರ ಅಕ್ಕಿಕಾಳಿನಷ್ಟು ಅಗಲದ ಮೂರು ಗೆರೆ, ಒಂದರ ಪಕ್ಕ ಒಂದು. ಮರುದಿನ ಗಾಜಿನ ಮೇಲೆ ಹಿಕ್ಕೆ, ಕಪ್ಪು, ತುದಿ ಬಿಳಿ. ನಿನ್ನೆ ತೂಕ 13.6.

ಹಲ್ಲಿ ಮನೆಯೊಳಗೆ ಯಾಕೆ ಎಂದಿದ್ದ ಅಜ್ಜಿಯೇ ಈಗ ಎಂಟು ಗಂಟೆಗೆ ದೀಪ ಆರಿಸಿ, "ಅದರ ಊಟದ ಹೊತ್ತಾಯ್ತು, ಆಚೆ ನಡಿ" ಅನ್ನುತ್ತಾರೆ. ನಿನ್ನೆ ಬಾಗಿಲ ಸಂದಿಯಿಂದ ನೋಡಿದೆ. ಕೊಂಬೆಯಿಂದ ಇಳಿದು, ತಟ್ಟೆಗೆ ಮೂಗು ತಾಗಿಸಿ, ನಾಲ್ಕು ಸಲ ನೆಕ್ಕಿ, ನಾಲಿಗೆ ಚಾಚಿ ತನ್ನ ಕಣ್ಣನ್ನೂ ಒರೆಸಿಕೊಂಡಿತು.