ಕೆಳದವಡೆಯ ಇಂಪ್ಲಾಂಟ್: ನರಕ್ಕೆ ಎಷ್ಟು ಅಂತರ?

ಪ್ರಶ್ನೆ: ಕೆಳಗಿನ ಮೊದಲ ದವಡೆಹಲ್ಲಿನ ಜಾಗಕ್ಕೆ ಇಂಪ್ಲಾಂಟ್ (ಹಲ್ಲಿನ ಬೇರಿನ ಬದಲು ಮೂಳೆಗೆ ಕೂರಿಸುವ ಸ್ಕ್ರೂ) ಹಾಕಬೇಕು. ಸಿಬಿಸಿಟಿಯಲ್ಲಿ (ದವಡೆಯ 3ಡಿ ಸ್ಕ್ಯಾನ್) ನರದ ಕಾಲುವೆಯ (ತುಟಿಗೆ ಹೋಗುವ ನರ ಮೂಳೆಯೊಳಗೆ ಸಾಗುವ ದಾರಿ) ಮೇಲೆ 12 ಮಿ.ಮೀ. ಮೂಳೆ ಇದೆ. 10 ಮಿ.ಮೀ. ಉದ್ದದ್ದು ಹಾಕಬಹುದಾ ಸರ್?

ಉತ್ತರ 1: ಲೆಕ್ಕಕ್ಕೆ ಸರಿ, ಕೈಗೆ ಅಲ್ಲ. ಕಾಲುವೆಗೆ 2 ಮಿ.ಮೀ. ಬಿಡಲೇಬೇಕು, ಹಲವು ಕಿಟ್‌ಗಳಲ್ಲಿ ಡ್ರಿಲ್‌ನ ಚೂಪು ತುದಿ ಆಳದ ಗುರುತಿಗಿಂತ ಅರ್ಧ-ಒಂದು ಮಿ.ಮೀ. ಹೆಚ್ಚೇ ಇಳಿಯುತ್ತೆ. 8 ಮಿ.ಮೀ. ಸಾಕು. ಪೈಲಟ್ ಡ್ರಿಲ್ (ಮೊದಲ ಸಣ್ಣ ರಂಧ್ರ) ಆದಮೇಲೆ ಅದರಲ್ಲಿ ಅಳತೆಯ ಪಿನ್ ಇಟ್ಟು ಎಕ್ಸ್‌ರೇ ತೆಗೀರಿ.

ಉತ್ತರ 2: ಪಕ್ಕದ ಹಲ್ಲಿನ ಬೇರಿಗೂ 1.5 ಮಿ.ಮೀ. ಅಂತರ ಬೇಕು. ಅಲ್ಲಿ ಮೂಳೆ ಗಟ್ಟಿ, ಡ್ರಿಲ್ ತಂಪಾಗಿಡೋ ಸಲೈನ್ (ಉಪ್ಪುನೀರು) ಕಡಿಮೆಯಾದರೆ ಮೂಳೆ ಬಿಸಿಯಾಗುತ್ತೆ. 47 ಡಿಗ್ರಿ ಸೆಲ್ಸಿಯಸ್ ಒಂದು ನಿಮಿಷ ಇದ್ದರೆ ಮೂಳೆ ಸಾಯುತ್ತೆ, ಇಂಪ್ಲಾಂಟ್ ಬೆಸೆಯೋದಿಲ್ಲ. ಒತ್ತಬೇಡಿ, ಡ್ರಿಲ್ ಮೇಲೆ-ಕೆಳಗೆ ಆಡಿಸಿ.

ಪ್ರಶ್ನೆ ಕೇಳಿದವರು: ಮರುದಿನವೂ ತುಟಿ ಜೋಮು ಇದ್ದರೆ?

ಉತ್ತರ 1: ಕಾದು ನೋಡಬೇಡಿ, ತಕ್ಷಣ ಸ್ಕ್ಯಾನ್. ಇಂಪ್ಲಾಂಟ್ ನರಕ್ಕೆ ತಾಗಿದ್ದರೆ 36 ಗಂಟೆಯೊಳಗೆ ಅದನ್ನ ತೆಗೆದುಬಿಡಿ.