'ಖಣ' ಅಂದ್ರೆ ಬಟ್ಟೆಯ ಹೆಸರೋ, ಅಳತೆಯೋ?

ಎಲ್ಲರಿಗೂ ನಮಸ್ಕಾರ.

ಹಳೆಯ ರವಿಕೆ ಬಟ್ಟೆಗಳನ್ನು ಕೂಡಿಡುವುದು ನನಗೆ ಬಹಳ ದಿನದಿಂದ ಇರುವ ಹುಚ್ಚು. ಯಾರೋ ಉಡುಗೊರೆ ಕೊಟ್ಟು, ಯಾರೂ ಹೊಲಿಸದೆ, ಟ್ರಂಕಿನ ತಳದಲ್ಲಿ ಉಳಿದುಹೋದ ತುಂಡುಗಳೇ ಜಾಸ್ತಿ. ಒಂದೊಂದಕ್ಕೂ ಒಂದು ಚೀಟಿ ಬರೆದು ಇಡುತ್ತೇನೆ. ಯಾವ ಬಟ್ಟೆ, ಎಲ್ಲಿಯದು, ಹೆಚ್ಚುಕಮ್ಮಿ ಯಾವ ಕಾಲದ್ದು ಅಂತ. ಈಗ ಒಂದು ಹಳೆಯ ಮದುವೆ ಖರ್ಚಿನ ಪಟ್ಟಿ ಕೈಗೆ ಬಂದಿದೆ. ಅದರಲ್ಲಿ 'ಖಣ 12' ಅಂತ ಇದೆ, ಅಷ್ಟೇ. ಹನ್ನೆರಡೂ ಬಾಗಲಕೋಟೆ ಕಡೆಯ ನೇಕಾರರ ಊರು ಗುಳೇದಗುಡ್ಡದ ಖಣವೇ, ಇಲ್ಲ ಯಾವುದೋ ಬಟ್ಟೆಯ ಹನ್ನೆರಡು ರವಿಕೆ ತುಂಡುಗಳೇ?

ಬಾಗಲಕೋಟೆ, ವಿಜಯಪುರ, ಧಾರವಾಡದ ಕಡೆ ಕೇಳಿದರೆ ಖಣ ಅಂದರೆ ಗುಳೇದಗುಡ್ಡದ್ದೇ ಮೊದಲು ನೆನಪಾಗುತ್ತದೆ. ಕೈಮಗ್ಗದಲ್ಲಿ ನೇಯ್ದ ಕುಬಸದ, ಅಂದರೆ ರವಿಕೆಯ ಬಟ್ಟೆ, ಮೈತುಂಬ ಬುಟ್ಟಾ ಅನ್ನುವ ಸಣ್ಣ ಸಣ್ಣ ಚಿತ್ತಾರ, ಎರಡೂ ಕಡೆ ಅಗಲವಾದ ಅಂಚು. ಆ ಅಂಚು ತೋಳಿಗೆ ಬರುವ ಹಾಗೆ ಕತ್ತರಿಸುತ್ತಾರೆ. ಬುಟ್ಟಾಗಳಿಗೂ ಹೆಸರಿದೆ: ತೇರು, ಸೂಜಿಮಲ್ಲಿಗೆ, ತೊಟ್ಟಿಲು, ಆನೆ ಹೆಜ್ಜೆ, ಸಿದ್ಧೇಶ್ವರ ಮುಖ. ಮಗ್ಗದ್ದೋ ಅಥವಾ ಅದನ್ನು ನೋಡಿ ಅಚ್ಚು ಹಾಕಿದ್ದೋ ಅಂತ ಗೊತ್ತಾಗಬೇಕಾದರೆ ಬಟ್ಟೆಯನ್ನು ತಿರುವಿ ನೋಡಬೇಕು. ನೇಯ್ದ ಖಣದಲ್ಲಿ ಬುಟ್ಟಾ ಬರುವುದು ಹಾಸಿನಲ್ಲಿ, ಅಂದರೆ ಉದ್ದಕ್ಕೆ ಹಾಯುವ ನೂಲಿನಲ್ಲಿ, ಸೇರಿಸಿದ ಹೆಚ್ಚಿನ ಎಳೆಗಳಿಂದ. ಒಂದು ಬುಟ್ಟಾ ಮುಗಿದು ಇನ್ನೊಂದು ಶುರುವಾಗುವವರೆಗೆ ಆ ಎಳೆಗಳು ಹಿಂಬದಿಯಲ್ಲಿ ಉದ್ದುದ್ದಕ್ಕೆ ಹಾಯ್ದಿರುತ್ತವೆ, ಉಗುರು ಹಾಕಿದರೆ ಸಿಗುತ್ತವೆ. ಅಚ್ಚಿನ ಬಟ್ಟೆಯ ಹಿಂಬದಿ ಬರೀ ನುಣುಪು.

ಹಳೇ ಮೈಸೂರಿನ ಕಡೆ ಬಂದರೆ ಮಾತೇ ಬೇರೆ. ಇಲ್ಲಿ 'ರವಿಕೆ ಕಣ' ಅನ್ನುತ್ತಾರೆ. ಅರಿಶಿನ ಕುಂಕುಮಕ್ಕೆ ಕರೆದು ಎಲೆ ಅಡಿಕೆ, ತೆಂಗಿನಕಾಯಿ ಜೊತೆ ಕಣ ಕೊಟ್ಟರು ಅಂದರೆ ಅದು ಪಾಪ್ಲಿನ್ ಇರಬಹುದು, ವಾಯಿಲ್ ಇರಬಹುದು, ರೇಷ್ಮೆಯೂ ಇರಬಹುದು. ಒಂದು ರವಿಕೆಗೆ ಆಗುವಷ್ಟು ಬಟ್ಟೆ, ಅಷ್ಟೇ ಅರ್ಥ. 'ಟೂ ಬೈ ಟೂ ಕಣ' ಅಂತಲೂ ಸಲೀಸಾಗಿ ಹೇಳುತ್ತಾರೆ (ಟೂ ಬೈ ಟೂ ಒಂದು ಬಗೆಯ ರವಿಕೆ ಬಟ್ಟೆ, ಅದರ ವಿಷಯ ಕೆಳಗೆ ಇದೆ).

ನನಗೆ ಅನ್ನಿಸುವುದು ಹೀಗೆ. ಖಣ ಮೊದಲು ಅಳತೆಯ ಮಾತೇ ಇದ್ದಿರಬೇಕು, ಒಂದು ಕುಪ್ಪಸಕ್ಕೆ ಬೇಕಾದ ತುಂಡು ಅಂತ. ಆ ಅಳತೆಗೇ ನೇಯ್ದು ಮಾರುವ ಊರಿನಲ್ಲಿ ಅದು ಬಟ್ಟೆಯ ಹೆಸರಾಗಿ ನಿಂತುಬಿಟ್ಟಿತು, ದಕ್ಷಿಣದಲ್ಲಿ ಅಳತೆಯಾಗಿಯೇ ಉಳಿಯಿತು. ದಕ್ಷಿಣದವರು 'ರವಿಕೆ' ಅನ್ನುವ ಮಾತು ಸೇರಿಸದೆ ಬರೀ 'ಕಣ' ಅನ್ನುವುದು ಕಡಿಮೆ, ಅಲ್ವಾ? ಗುಳೇದಗುಡ್ಡದ ಖಣಕ್ಕೆ ಆ ಆಸರೆ ಬೇಕಿಲ್ಲ. ಈಗಂತೂ ಖಣದ ಸೀರೆ, ಖಣದ ಕುರ್ತಾ, ಖಣದ ಚೀಲ ಎಲ್ಲ ಬಂದಿವೆ. ಅಳತೆ ಅನ್ನುವ ಅರ್ಥ ಇವುಗಳಲ್ಲಿ ಉಳಿದೇ ಇಲ್ಲ, ಉಳಿದಿದ್ದರೆ ಒಂದು ರವಿಕೆಯಷ್ಟು ಬಟ್ಟೆಯಲ್ಲಿ ಸೀರೆ ಹೇಗೆ ಆಗುತ್ತದೆ?

ಇನ್ನೊಂದು ಸಂಗತಿಯೂ ಇದಕ್ಕೆ ಸೇರುತ್ತದೆ. ಉತ್ತರ ಕರ್ನಾಟಕದಲ್ಲಿ ಮನೆಗೂ ಖಣ ಇದೆ. ದಕ್ಷಿಣದವರು ಐದಂಕಣದ ಮನೆ ಅನ್ನುವ ಕಡೆ ಅವರು ಐದು ಖಣದ ಮನಿ ಅನ್ನುತ್ತಾರೆ. ತೊಲೆಯಿಂದ ತೊಲೆಗೆ ಇರುವ ಜಾಗ ಒಂದು ಖಣ. ಮರಾಠಿಯಲ್ಲೂ ಖಣ ಅಂದರೆ ಈ ಎರಡೂ ಅರ್ಥ ಇವೆ. ಮನೆಯಲ್ಲೂ ಬಟ್ಟೆಯಲ್ಲೂ 'ಪಾಲು, ಭಾಗ' ಅನ್ನುವ ಅರ್ಥವೇ ಕೆಲಸ ಮಾಡುತ್ತಿದೆ ಅಂತ ನನ್ನ ಊಹೆ. ಕೆಲವರು 'ಕಣ' ಅನ್ನುವುದನ್ನು ಸಂಸ್ಕೃತದ ಕಣಕ್ಕೆ, ಅಂದರೆ ಚೂರು ಅನ್ನುವ ಅರ್ಥಕ್ಕೆ ಗಂಟು ಹಾಕುತ್ತಾರೆ. ನನಗೆ ಅದು ಒಪ್ಪಿಗೆಯಾಗುವುದಿಲ್ಲ. ಮಾತಿನಲ್ಲಿ 'ಖ' ಹಗುರಾಗಿ 'ಕ' ಆಗುವುದು ನಮಗೆ ದಿನಾ ಕೇಳುವ ಸಂಗತಿ, ಹಾಗೆ 'ಖಣ'ವೇ ದಕ್ಷಿಣದಲ್ಲಿ 'ಕಣ' ಆಗಿರಬೇಕು.

'ಟೂ ಬೈ ಟೂ' ಬಗ್ಗೆಯೂ ಒಂದು ಮಾತು. ಅಂಗಡಿಯಲ್ಲಿ ಕೇಳಿದರೆ ಒಳ್ಳೆ ರುಬಿಯಾ (ನಯವಾದ ರವಿಕೆ ಬಟ್ಟೆ) ಅಂತಷ್ಟೇ ಹೇಳುತ್ತಾರೆ. ನಿಜಕ್ಕೆ ಟೂ ಬೈ ಟೂ ಅನ್ನುವುದು ನೂಲಿನ ಲೆಕ್ಕ. ಹಾಸಿನ ನೂಲೂ ಎರಡೆಳೆ ಸೇರಿಸಿ ಹುರಿ ಮಾಡಿದ್ದು, ಅಡ್ಡಕ್ಕೆ ಹಾಯುವ ಹೊಕ್ಕಿನ ನೂಲೂ ಹಾಗೇ ಇದ್ದರೆ ಟೂ ಬೈ ಟೂ. ಹೊಕ್ಕಿನಲ್ಲಿ ಒಂಟಿ ಎಳೆ ಇದ್ದರೆ ಟೂ ಬೈ ಒನ್. ಹಳೆಯ ತುಂಡಿನ ಅಂಚಿನಿಂದ ಒಂದು ನೂಲು ಬಿಡಿಸಿಕೊಳ್ಳಿ, ಎರಡು ತುದಿ ಹಿಡಿದು ಹುರಿಗೆ ಎದುರಾಗಿ ನಿಧಾನವಾಗಿ ತಿರುಗಿಸಿ, ಎರಡೆಳೆಯದಾದರೆ ನೂಲು ನಡುವೆ ಎರಡಾಗಿ ಬಾಯಿ ಬಿಡುತ್ತದೆ. ಒಂಟಿ ಎಳೆಯಾದರೆ ನಾರು ನಾರಾಗಿ ಕಿತ್ತು ಬರುತ್ತದೆ. ಉದ್ದಕ್ಕೊಂದು, ಅಡ್ಡಕ್ಕೊಂದು ನೂಲು ನೋಡಿದರೆ ಸಾಕು.

ಗಿರಣಿ ಬಟ್ಟೆಯಾದರೆ ಅಂಚಿನ ಮೇಲಿನ ಮುದ್ರೆಯೂ ನೆರವಾಗುತ್ತದೆ. ಮೆಟ್ರಿಕ್ ಅಳತೆಯ ಕಾನೂನು ಆದದ್ದು 1956ರಲ್ಲಿ, 1958ರ ಅಕ್ಟೋಬರಿನಿಂದ ಹಂತ ಹಂತವಾಗಿ ಜಾರಿಗೆ ಬಂತು. ಹಾಗಾಗಿ ಬೆಲೆ ಗಜದ ಲೆಕ್ಕದಲ್ಲಿ ಒತ್ತಿದ್ದರೆ ಅದು ಮೀಟರು ಬರುವ ಮುಂಚಿನ ಬಟ್ಟೆ ಅಂತ ಸುಮಾರಾಗಿ ಹೇಳಬಹುದು. ಖಣಕ್ಕೆ ಇಂಥ ಮುದ್ರೆ ಇರುವುದಿಲ್ಲ, ಅದಕ್ಕೇ ಅದರ ವಿಷಯದಲ್ಲಿ ಮನೆಮಾತು, ಅಂಗಡಿಮಾತು ನನಗೆ ಇಷ್ಟು ಮುಖ್ಯ.

ಗೊತ್ತಿದ್ದವರು ದಯವಿಟ್ಟು ತಿಳಿಸಿ. ನಿಮ್ಮ ಕಡೆ ಉಡಿ ತುಂಬುವಾಗ ಇಡುವ ಬಟ್ಟೆಗೆ, ಅದು ಯಾವುದೇ ಇರಲಿ, ಖಣ ಅಂತಲೇ ಅನ್ನುತ್ತೀರಾ? ರವಿಕೆ ಬಟ್ಟೆಗೆ ಜಂಪರ್ ಪೀಸ್ ಅನ್ನುವವರ ಮನೆಯಲ್ಲಿ ಖಣ ಬೇರೆ, ಪೀಸ್ ಬೇರೆಯೇ? ಶಿವಮೊಗ್ಗ, ದಾವಣಗೆರೆ, ಚಿತ್ರದುರ್ಗದ ಕಡೆಯವರು ಹೇಳಿದರೆ ಇನ್ನೂ ಒಳ್ಳೆಯದು, ಖಣ ಎಲ್ಲಿಗೆ ನಿಂತು ಕಣ ಎಲ್ಲಿಂದ ಶುರುವಾಗುತ್ತದೆ ಅನ್ನುವುದು ಅಲ್ಲೇ ಸಿಗಬೇಕು. ಹಳೆಯ ಲೆಕ್ಕದ ಪುಸ್ತಕ, ಮದುವೆ ಪಟ್ಟಿ ಇದ್ದರೆ ಆ ಸಾಲನ್ನು ಇದ್ದ ಹಾಗೇ ಬರೆದು ಕಳಿಸಿ. ಪಕ್ಕದಲ್ಲಿ ಬೆಲೆ ಇದ್ದರೆ ಅದನ್ನೂ ಸೇರಿಸಿ, ಗುಳೇದಗುಡ್ಡದ್ದೋ ಸಾದಾ ತುಂಡೋ ಅಂತ ಬೆಲೆಯಿಂದಲೇ ಗೊತ್ತಾಗಬಹುದು.